ಬಾಗಿಲಕ್ಕ ಉಳಿಸಿಕೊಂಡ ಒಬ್ಬನೇ ಹೊಸಬ

ನನ್ನ ಹೆಂಡತಿಗೆ ಬಾಗಿಲಕ್ಕ ಎಂದು ಹೆಸರಿಟ್ಟವರಲ್ಲಿ ಒಬ್ಬರೂ ಅವಳ ಮುಖ ನೋಡಿದವರಲ್ಲ. ಬರೆದರೆ ದುಡ್ಡು ಕೊಡುವ ತಾಣವೊಂದು ಇಂಟರ್ನೆಟ್ಟಿನಲ್ಲಿದೆ. ಅಲ್ಲಿಗೆ ಹೊಸದಾಗಿ ಯಾರು ಕಾಲಿಟ್ಟರೂ ಬಾಗಿಲಲ್ಲೇ ಕಾದು ನಿಂತವಳಂತೆ "ಬನ್ನಿ, ಕೂತ್ಕೊಳ್ಳಿ, ನಿಮ್ಮ ಬಗ್ಗೆ ಹೇಳಿ" ಎಂದು ಎಲ್ಲರಿಗಿಂತ ಮೊದಲು ಬರೆಯುವವಳು ಇವಳು. ಅದರಿಂದ ಅಂಟಿಕೊಂಡ ಹೆಸರು ಅದು. ನಾನು ಮನೆಯಲ್ಲಿ ಗೇಲಿಗೆಂದು ಕರೆಯತೊಡಗಿದೆ, ಈಗ ನನಗೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ನಾನು ಶಾಲೆಯ ವ್ಯಾನು ಓಡಿಸುವವನು. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಹೋಗಿ ಇಳಿಸುವುದು, ಸಂಜೆ ಮತ್ತೆ ತುಂಬಿಕೊಂಡು ಬಂದು ಅವರವರ ಮನೆ ಮುಂದೆ ಇಳಿಸುವುದು. ನಡುವೆ ಬೇಕಾದಷ್ಟು ಪುರುಸೊತ್ತು. ಅದಕ್ಕೇ ಕಂಡಕಂಡವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಸಮಯ ಸಿಗುತ್ತದೆ ಎಂದು ಅವಳು ಹೇಳುತ್ತಾಳೆ. ಇರಬಹುದು. ಆದರೆ ಈಗ ಹೇಳಹೊರಟಿರುವ ವಿಷಯದಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಎಂದು ನನಗೆ ಇನ್ನೂ ತೋಚಿಲ್ಲ.

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದೆ ಕನ್ನಡಿ, ದೀಪ, ಸಾಲಾಗಿ ನೇತು ಹಾಕಿದ ಚೌಕಟ್ಟುಗಳು. ಪರದೆ ಸರಿಸಿದರೆ ಮಂಚದಷ್ಟೇ ಜಾಗ, ಅದರಲ್ಲಿ ತಿರುಗುವ ಸಾಣೆಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು. ಹೊರಗಿನಿಂದ ಬಂದ ಗುಂಡು ಗಾಜನ್ನು ಚೌಕಟ್ಟಿನ ಆಕಾರಕ್ಕೆ ಉಜ್ಜಿ, ಅಂಚು ನಯ ಮಾಡಿ, ಟಕ್ಕೆಂದು ಕೂರಿಸಬೇಕು. ಒಂದು ಕೂದಲೆಳೆ ಹೆಚ್ಚಾದರೆ ಗಾಜು ಸೀಳುತ್ತದೆ, ಕಡಿಮೆಯಾದರೆ ಬಗ್ಗಿದಾಗ ಉದುರಿ ಸಾರಿನ ಪಾತ್ರೆಗೆ ಬೀಳುತ್ತದೆ. ಸಾಣೆಯ ಬಿಳಿ ಕೆಸರು ಅವಳ ಉಗುರಿನ ಸಂದಿಯಲ್ಲಿ ಸದಾ ಇರುತ್ತದೆ. ಗಿರಾಕಿ ಕಾಯುತ್ತಾ ನಿಂತಿರುವುದು ಪರದೆಯ ಸಂದಿನಲ್ಲಿ ಕಂಡರೆ ಇವಳಿಗೆ ತಡೆಯುವುದಿಲ್ಲ. ಕೈ ಒರೆಸಿಕೊಂಡು ಹೊರಬಂದು ಕುರ್ಚಿ ಎಳೆದು ಹಾಕುತ್ತಾಳೆ, ನೀರು ಕೊಡುತ್ತಾಳೆ. "ಗಾಜು ಉಜ್ಜೋದು ಬಿಟ್ಟು ಬೀಗರ ಉಪಚಾರ ಮಾಡ್ತೀಯಲ್ಲಮ್ಮ" ಎಂದು ಮಾಲೀಕರು ಗೊಣಗುತ್ತಾರೆ. ಕನ್ನಡಕ ಇಲ್ಲದೆ ಕೂತವರಿಗೆ ಎದುರಿನವರು ಯಾರೆಂದೇ ಕಾಣುವುದಿಲ್ಲ, ಅಂಥವರನ್ನು ಒಂಟಿಯಾಗಿ ಬಿಡಬಾರದು ಎನ್ನುವುದು ಇವಳ ವಾದ.

ಅವಳು ತಾಣದಲ್ಲಿ ಮೊದಲು ಬರೆದದ್ದು ಮುರಿದ ಕನ್ನಡಕಗಳ ಬಗ್ಗೆ. ಯಾರು ಹಾಕಿಕೊಂಡೇ ನಿದ್ದೆ ಮಾಡುತ್ತಾರೆ, ಯಾರು ಸಿಟ್ಟು ಬಂದಾಗ ಮೇಜಿಗೆ ಕುಕ್ಕುತ್ತಾರೆ, ಯಾರ ಮನೆಯಲ್ಲಿ ಕೂಸಿದೆ ಎಂಬುದೆಲ್ಲ ಚೌಕಟ್ಟು ನೋಡಿದರೆ ಗೊತ್ತಾಗುತ್ತದಂತೆ. ಜನ ಮೆಚ್ಚಿದರು. ಅಲ್ಲಿ ಮೆಚ್ಚುವುದೆಂದರೆ ಬರಹದ ಕೆಳಗಿನ ಗುಂಡಿ ಒತ್ತುವುದು. ಒತ್ತಿದಂತೆಲ್ಲ ಬರೆದವರ ಖಾತೆಗೆ ತಾಣದ್ದೇ ಆದ ನಾಣ್ಯ ಬೀಳುತ್ತದೆ, ಸಾಕಷ್ಟು ಕೂಡಿದರೆ ಅದನ್ನು ನಿಜವಾದ ದುಡ್ಡಿಗೆ ಬದಲಿಸಿಕೊಳ್ಳಬಹುದು. ಹಳಬರ ಒತ್ತಿಗೆ ತೂಕ ಜಾಸ್ತಿ, ಹೊಸಬರದ್ದು ಲೆಕ್ಕಕ್ಕಿಲ್ಲ. ಒತ್ತುತ್ತಾ ಹೋದರೆ ಕೈಯ ಬಲ ಇಳಿಯುತ್ತದೆ, ಮತ್ತೆ ಏರಲು ಕಾಯಬೇಕು. ಇನ್ನೊಂದು ಕಟ್ಟಳೆಯೂ ಇದೆ. ವಾರ ಕಳೆದ ಬರಹವನ್ನು ಯಾರು ಎಷ್ಟು ಮೆಚ್ಚಿದರೂ ಒಂದು ಕಾಸೂ ಹುಟ್ಟುವುದಿಲ್ಲ. ಇಷ್ಟನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನನ್ನ ತಲೆ ಗಿರ್ರೆಂದಿತ್ತು.

ಇಂಥ ಅಂಗಡಿಗೆ ಹೊಸಬರು ಬರದಿದ್ದರೆ ಬಾಗಿಲು ಮುಚ್ಚಿದಂತೆಯೇ. ಅದಕ್ಕೆಂದೇ ಹಳಬರು ಸೇರಿ ಸ್ವಾಗತದ ಬಳಗವೊಂದನ್ನು ಕಟ್ಟಿಕೊಂಡಿದ್ದರು. ಅದರ ಯಜಮಾನನನ್ನು ನಾವು ಗಡ್ಡಪ್ಪ ಎನ್ನುತ್ತೇವೆ. ಅವನ ಚಿತ್ರದಲ್ಲಿ ಗಡ್ಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವನ ಒಂದು ಒತ್ತು ನಮ್ಮಂಥವರ ಸಾವಿರ ಒತ್ತಿಗೆ ಸಮ. ಹೊಸದಾಗಿ ಬಂದವರು ಕೈಯಲ್ಲಿ ತಾಣದ ಹೆಸರು, ಅಂದಿನ ತಾರೀಖು ಬರೆದ ಚೀಟಿ ಹಿಡಿದು ಫೋಟೋ ತೆಗೆಸಿಕೊಂಡು, ತಾವು ಯಾರೆಂದು ಬರೆಯಬೇಕು. ಕಳ್ಳರಲ್ಲ, ನಿಜವಾದ ಮನುಷ್ಯರು ಎಂಬುದಕ್ಕೆ ಅದು ಸಾಕ್ಷಿ. ಅದನ್ನು ಹಾಕಿದ ಕೂಡಲೇ ಬಳಗದವರೆಲ್ಲ ಬಂದು ಬಲವಿದ್ದಷ್ಟೂ ಒತ್ತುತ್ತಾರೆ, ಬಾಗಿಲಕ್ಕ ಕುರ್ಚಿ ಹಾಕುತ್ತಾಳೆ. ಹೊಸಬ ಹಿಗ್ಗಿ ಹೀರೇಕಾಯಿಯಾಗುತ್ತಾನೆ. ಮರುದಿನ ಅವನು ನಿಜವಾಗಿ ಬರೆಯಬೇಕೆಂದಿದ್ದನ್ನು ಬರೆಯುತ್ತಾನೆ. ಆಗ ಬಳಗದವರ ಬಲವೆಲ್ಲ ಖಾಲಿ, ಇನ್ನೊಬ್ಬ ಹೊಸಬ ಬಂದಿರುತ್ತಾನೆ, ಎಲ್ಲರೂ ಅಲ್ಲಿಗೆ ಓಡಿರುತ್ತಾರೆ. ಮೂರನೆಯ ಬರಹಕ್ಕೂ ಯಾರೂ ಬರದಿದ್ದಾಗ ಹೊಸಬ ಹೇಳದೆ ಕೇಳದೆ ಜಾಗ ಖಾಲಿ ಮಾಡುತ್ತಾನೆ.

ಹಾಗೆ ಹೋದವರನ್ನು ನೆನೆಸಿಕೊಂಡು ಇವಳು ಕೊರಗುತ್ತಿದ್ದಳು. ಅನ್ನಕ್ಕೆ ಕೈ ಹಾಕಿದವಳು ಸುಮ್ಮನೆ ಕೂತುಬಿಡುತ್ತಿದ್ದಳು.

"ಆ ಲಿಫ್ಟ್ ರಿಪೇರಿಯವರು ಯಾಕೋ ಬರ್ಲೇ ಇಲ್ಲ ರೀ."

"ಲಿಫ್ಟ್ ಹತ್ತಿ ಮೇಲೆ ಹೋಗಿರ್ಬೇಕು. ಊಟ ಮಾಡು."

"ಬಿಡ್ತು ಅನ್ನಿ. ಅವರ ಎರಡನೇ ಬರಹ ಎಷ್ಟು ಚೆನ್ನಾಗಿತ್ತು ಗೊತ್ತಾ? ಲಿಫ್ಟಲ್ಲಿ ಸಿಕ್ಕಿ ಹಾಕಿಕೊಂಡವರು ಮೊದಲು ಏನು ಮಾತಾಡ್ತಾರೆ ಅಂತ ಬರೆದಿದ್ರು. ನಾನೊಬ್ಬಳೇ ಓದಿದ್ದು."

ಬಳಗದಲ್ಲಿ ಈ ಪದ್ಧತಿ ಬದಲಿಸೋಣ, ಮೊದಲ ಬರಹಕ್ಕೆ ಸ್ವಲ್ಪ ಒತ್ತಿ ಉಳಿದ ಬಲವನ್ನು ಮುಂದಿನವಕ್ಕೆ ಇಟ್ಟುಕೊಳ್ಳೋಣ ಎಂದು ಅವಳು ಕೇಳಿದ್ದುಂಟು. ಮೊದಲ ದಿನ ದೊಡ್ಡ ಮೊತ್ತ ಕಾಣದಿದ್ದರೆ ಹೊಸಬರು ಬರುವುದೇ ಇಲ್ಲವಲ್ಲ ಎಂದ ಗಡ್ಡಪ್ಪ. ಅದೂ ನಿಜವೇ ಇರಬೇಕು. ಹೀಗೆ ಅವಳು ಕುರ್ಚಿ ಹಾಕುವುದು, ಅವರು ಎದ್ದು ಹೋಗುವುದು ನಡೆದೇ ಇತ್ತು.

ಆ ಹೊತ್ತಿಗೆ ನಮ್ಮ ಮನೆಗೆ ಭಾವ ಬಂದ. ಭಾವ ಎಂದರೆ ಇವಳ ಅಣ್ಣ. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಮೂಟೆಯ ಮೇಲೆ ನಿಂತು ಈರುಳ್ಳಿಯ ದರ ಕೂಗಿದನೆಂದರೆ ರಸ್ತೆಯಾಚೆ ಔಷಧಿ ಅಂಗಡಿಯವನಿಗೆ ಅಂದಿನ ಪೇಟೆ ಧಾರಣೆ ಗೊತ್ತಾಗುತ್ತಿತ್ತು. ಮದುವೆ ಮಾತ್ರ ಮಾಡಿಕೊಳ್ಳಲಿಲ್ಲ. ಕೇಳಿದರೆ, ನನ್ನನ್ನು ಹರಾಜಿಗಿಡುವವರು ಯಾರು ಎಂದು ನಗುತ್ತಿದ್ದ. ಗಂಟಲು ಕಟ್ಟಿದೆ, ಕೂಗಿ ಕೂಗಿ ಹೀಗಾಗಿದೆ ಎಂದು ಬಹಳ ಕಾಲ ತಳ್ಳಿದ. ಕೊನೆಗೆ ಆಸ್ಪತ್ರೆಗೆ ಹೋದಾಗ, ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯದು ಎಂದರು. ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾನೆ. ಮೂಗಿನಲ್ಲಿ ಗಾಳಿ ಆಡದ್ದರಿಂದ ವಾಸನೆಯೂ ತಿಳಿಯದು. ಒಂದು ದಿನ ಅಡುಗೆಮನೆಯಲ್ಲಿ ಈರುಳ್ಳಿಯೊಂದನ್ನು ಹೆಚ್ಚಿ ಮೂಗಿಗೆ ಹಿಡಿದುಕೊಂಡು ಅವನು ನಿಂತಿದ್ದನ್ನು ನಾನು ನೋಡಿದೆ, ನೋಡಬಾರದಿತ್ತು ಅನ್ನಿಸಿತು.

ಮುಂದಿನ ಕೋಣೆಯಲ್ಲಿ ಅವನ ಹಾಸಿಗೆ ಹಾಕಿದೆವು, ಬರೆಯಲು ಸ್ಲೇಟು ಕೊಟ್ಟೆವು. ಅವನು ಗೋಡೆಗೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಮಾರುಕಟ್ಟೆಯ ಗೆಳೆಯರು ಆಸ್ಪತ್ರೆಗೆ ಒಮ್ಮೆ ಬಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಾತಾಡಲಾಗದವನ ಎದುರು ಕೂತು ಏನು ಮಾತಾಡುವುದೆಂದು ಅವರಿಗೂ ಕಷ್ಟವಾಗಿರಬೇಕು. ಇಟ್ಟ ಗಂಜಿ ಇಟ್ಟಲ್ಲೇ ಆರುತ್ತಿತ್ತು. ಆಳು ಅರ್ಧಕ್ಕಿಳಿದ. ಹೀಗೇ ಬಿಟ್ಟರೆ ಅಣ್ಣ ನಮ್ಮ ಕೈಗೆ ಸಿಗುವುದಿಲ್ಲ ಎಂದು ಇವಳು ಸಾಣೆಕಲ್ಲಿನ ಮುಂದೆ ಕೂತು ಅತ್ತಳಂತೆ, ಮಾಲೀಕರು ನನಗೆ ಹೇಳಿದರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಇದ್ದಾರೆ, ಎತ್ತರದ ಹುಡುಗಿ. ಧ್ವನಿಪೆಟ್ಟಿಗೆ ಹೋದರೂ ಮಾತಾಡಬಹುದಂತೆ. ಗಾಳಿಯನ್ನು ತುತ್ತಿನ ಹಾಗೆ ನುಂಗಿ, ಅದನ್ನೇ ತೇಗಿನಂತೆ ಮೇಲೆ ತಂದು, ಆ ತೇಗಿನ ಮೇಲೆ ತುಟಿ ನಾಲಿಗೆ ಆಡಿಸಿ ಮಾತು ಕಟ್ಟಬೇಕು. ವಾರಕ್ಕೊಮ್ಮೆ ನಾನೇ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದೆ. "ಇಷ್ಟು ದಿನ ಊಟದ ಮುಂದೆ ತೇಗ್ಬೇಡ ಅಂತ ಬೈತಿದ್ರು, ಈಗ ತೇಗು ಅಂತ ಟೀಚರ್ ಇಟ್ಟಿದಾರೆ. ನಿನ್ನ ಅದೃಷ್ಟ ನೋಡು ಭಾವ" ಎಂದೆ. ಅವನು ನಗಲಿಲ್ಲ. ಊರಿಗೆಲ್ಲ ಕೇಳುವಂತೆ ಕೂಗಿದವನಿಗೆ ಪರರ ಎದುರು ತೇಗಲು ನಾಚಿಕೆ. ಟೀಚರ್ ಹೇಳಿದ್ದನ್ನು ಕೇಳಿ ತಲೆಯಾಡಿಸಿ ವಾಪಸು ಬರುತ್ತಿದ್ದ.

ಆಗ ಬಾಗಿಲಕ್ಕನಿಗೆ ಹೊಳೆದದ್ದು ತಾಣ. "ಅಲ್ಲಿ ಯಾರೂ ಬಾಯಲ್ಲಿ ಮಾತಾಡಲ್ಲ ಅಣ್ಣ. ಎಲ್ಲರೂ ಬರೆಯೋದೇ. ಅಲ್ಲಿ ನೀನೂ ಒಂದೇ, ಬೇರೆಯವರೂ ಒಂದೇ" ಎಂದಳು. ಬೇಡ ಬೇಡ ಎಂದರೂ ಎಬ್ಬಿಸಿ ಕೂರಿಸಿ, ತಲೆ ಬಾಚಿ, ಕೈಗೆ ಚೀಟಿ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದಳು. ಕುತ್ತಿಗೆಯ ಬಟ್ಟೆ ಫೋಟೋದಲ್ಲಿ ಬಂದಿತ್ತು. ಹರಾಜು ಕೂಗುತ್ತಿದ್ದೆ, ಧ್ವನಿ ಹೋಯಿತು, ತಂಗಿಯ ಮನೆಯಲ್ಲಿದ್ದೇನೆ ಎಂದು ಅವನು ನಾಲ್ಕು ಸಾಲು ಬರೆದ.

ಜನ ಮುಗಿಬಿದ್ದರು. ಗಡ್ಡಪ್ಪ ತನ್ನ ಬಲವನ್ನೆಲ್ಲ ಸುರಿದ. ಎಲ್ಲೆಲ್ಲಿಯವರೋ ಬಂದು ಧೈರ್ಯ ಹೇಳಿದರು, ಕಣ್ಣೀರು ಬಂತು ಎಂದರು. ಭಾವ ಹಾಸಿಗೆ ಬಿಟ್ಟು ಕುರ್ಚಿಗೆ ಬಂದ. ಒಂದೊಂದು ಮಾತಿಗೂ ಉತ್ತರ ಬರೆಯುತ್ತಾ ಗಂಜಿ ಕುಡಿದ. ಇನ್ನೊಂದು ಲೋಟ ಬೇಕೆಂದು ಕೈ ಮಾಡಿದ. ಇವಳು ಅಡುಗೆಮನೆಗೆ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಆ ದಿನ ನನಗೂ ಆ ತಾಣದ ಮೇಲೆ ಪ್ರೀತಿ ಬಂದಿತ್ತು.

ಎರಡನೆಯದನ್ನು ಅವನು ಮನಸ್ಸಿಟ್ಟು ಬರೆದ. ಹರಾಜಿನಲ್ಲಿ ಕೊಳ್ಳುವವನ ಬಾಯಿ ನೋಡಬಾರದು, ಕಾಲು ನೋಡಬೇಕು. ಬೇಡವೆನ್ನುತ್ತಾ ಮೂಟೆಯ ಕಡೆಗೇ ಒಂದು ಕಾಲು ತಿರುಗಿಸಿ ನಿಂತವನು ಬಿಟ್ಟುಹೋಗುವುದಿಲ್ಲ, ಅವನಿಗೆ ದರ ಏರಿಸಬಹುದು. ಹೀಗೆ ಎಷ್ಟೋ ಸಂಗತಿಗಳಿದ್ದವು. ನನಗೆ ಓದುವ ಚಟವಿಲ್ಲ, ಆದರೂ ಅದನ್ನು ಎರಡು ಸಲ ಓದಿದೆ. ತಾಣದಲ್ಲಿ ಅದನ್ನು ಓದಿದವರು ಇವಳೂ ಇನ್ನೊಬ್ಬರೂ. ಗಡ್ಡಪ್ಪನ ಬಲ ಖಾಲಿಯಾಗಿತ್ತು. ಮೂರನೆಯದು ಹಮಾಲರ ಬೈಗುಳಗಳ ಬಗ್ಗೆ, ನಗುತ್ತಾ ನಗುತ್ತಾ ಓದುವಂಥದ್ದು. ಅದಕ್ಕೂ ಅಷ್ಟೇ. ಅವನು ಸ್ಲೇಟಿನ ಮೇಲೆ "ಸಂತೆ ಮುಗೀತಾ?" ಎಂದು ಬರೆದು ತಂಗಿಗೆ ತೋರಿಸಿದ. ಸಂಜೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ.

ಮೂರನೆಯ ಬರಹದ ನಂತರ ಹೊಸಬರು ಏನು ಮಾಡುತ್ತಾರೆಂದು ಬಾಗಿಲಕ್ಕನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಲಿಫ್ಟಿನವರು ಹೋದರೆ ಊಟ ಬಿಡುತ್ತಿದ್ದವಳು, ಅಣ್ಣ ಹೋದರೆ ಏನಾಗಬೇಡ? ಹಾಸಿಗೆಯ ಅಂಚಿನಲ್ಲಿ ಕೂತು ಅವನ ಬೆನ್ನು ಸವರುತ್ತಾ ಹೇಳಿದಳು.

"ಅಣ್ಣ, ಅವರಿಗೆ ಮಾರ್ಕೆಟ್ ಗೊತ್ತಿಲ್ಲ. ಅವರು ಬಂದಿದ್ದು ನಿನ್ನ ನೋಡೋಕೆ. ನಿನಗೆ ಆಗಿರೋದನ್ನ ಬರಿ. ಊಟ ಹೇಗೆ ಮಾಡ್ತೀಯ, ನಿದ್ದೆ ಹೇಗೆ ಬರುತ್ತೆ. ಬರ್ತಾರೆ ನೋಡು."

ಬಾಗಿಲಕ್ಕ ಕೊಟ್ಟ ಸಲಹೆ ಇಷ್ಟೇ. ತಾಯಿಯಾದವಳು ಉಣ್ಣದ ಮಗುವಿಗೆ ಸಕ್ಕರೆ ಕಲಸಿ ಕೊಡುವುದಿಲ್ಲವೇ, ಹಾಗೆ.

ಅವನು ಬರೆದ, ಅವರು ಬಂದರು. ಸ್ನಾನ ಮಾಡುವಾಗ ನೀರು ತೂತಿಗೆ ಹೋಗಿ ಉಸಿರು ಸಿಕ್ಕಿಕೊಂಡದ್ದನ್ನು ಬರೆದ, ಇನ್ನೂ ಹೆಚ್ಚು ಜನ ಬಂದರು. ಮಧ್ಯೆ ಒಮ್ಮೆ ಟೊಮ್ಯಾಟೊ ಕೊಳೆಯುವುದರ ಬಗ್ಗೆ ಬರೆದು ನೋಡಿದ, ಯಾರೂ ಬರಲಿಲ್ಲ. ಹರಾಜಿನವನಿಗೆ ಇಷ್ಟು ಸಾಕು. ಯಾವ ಮೂಟೆಯ ಕಡೆ ಕಾಲು ತಿರುಗುತ್ತದೆ ಎಂದು ಕಂಡುಕೊಂಡ. ಕುತ್ತಿಗೆಯ ಬಟ್ಟೆ ಬಿಚ್ಚಿ ಫೋಟೋ ಹಾಕಿದ. ಅದು ತಾಣದಾಚೆಗೂ ಹಬ್ಬಿ, ಮಾರುಕಟ್ಟೆಯವರ ಫೋನುಗಳಿಗೂ ಬಂತು. ತಲೆ ಹಾಕದಿದ್ದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದರು, ಅವನ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಹಮಾಲರ ಮುಖಂಡ ತನ್ನ ಹೆಸರಲ್ಲೂ ಖಾತೆ ತೆರೆಸಿಕೊಂಡ, ತೂಕದವನೂ ತೆರೆದ. ಚೀಟಿ ಹಿಡಿದು ಫೋಟೋ ತೆಗೆಸಿಕೊಳ್ಳುವವರ ಸಾಲು ನಮ್ಮ ಹಜಾರದಲ್ಲಿ. ಬಾಗಿಲಕ್ಕನಿಗೆ ನಿಜವಾಗಿ ಬಾಗಿಲು ತೆಗೆಯುವ ಕೆಲಸ ಬಂತು. ಅಷ್ಟು ಜನ ಹೊಸಬರನ್ನು ಬಳಗದಲ್ಲಿ ಬೇರೆ ಯಾರೂ ತಂದಿರಲಿಲ್ಲ. ಹೊಸಬರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಎಲ್ಲರಿಗೂ ತಿಳಿಯುವಂತೆ ನೀವೇ ಬರೆದುಕೊಡಿ ಎಂದು ಗಡ್ಡಪ್ಪ ಇವಳನ್ನು ಕೇಳಿದ. ಇವಳು ನಾಚಿ ನೀರಾದಳು.

ಆ ದಿನಗಳಲ್ಲೇ ಒಂದು ಬರಹದಲ್ಲಿ ಭಾವ ಬರೆದಿದ್ದ, "ವೈದ್ಯರು ಕೈಚೆಲ್ಲಿದ್ದಾರೆ. ಈ ಜನ್ಮದಲ್ಲಿ ನನ್ನಿಂದ ಇನ್ನೊಂದು ಮಾತು ಹೊರಡುವುದಿಲ್ಲವಂತೆ." ಅದಕ್ಕೆ ಬಂದಷ್ಟು ಜನ ಯಾವುದಕ್ಕೂ ಬಂದಿರಲಿಲ್ಲ.

"ಯಾವ ಡಾಕ್ಟರ್ ಕೈಚೆಲ್ಲಿದ್ದು ಭಾವ? ಪ್ರತಿ ವಾರ ಕರ್ಕೊಂಡು ಹೋಗೋನು ನಾನು. ನಂಗೆ ಯಾರೂ ಹೇಳ್ಲಿಲ್ಲ" ಎಂದು ಊಟದ ಹೊತ್ತಿಗೆ ಕೇಳಿದೆ.

ಅವನು ಸ್ಲೇಟು ಎಳೆದುಕೊಂಡು ಬರೆದ. "ಹರಾಜಲ್ಲಿ ಮೊದಲು ಕೂಗೋ ದರ ನಿಜವಾದ ದರ ಅಲ್ಲ."

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು. ಅವನು ತಟ್ಟೆ ಖಾಲಿ ಮಾಡಿದ್ದನ್ನು ನೋಡಿ ನಾನೂ ಅನ್ನದ ಪಾತ್ರೆಯನ್ನು ಅವನ ಕಡೆ ಸರಿಸಿದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ಸಾಣೆ ನಿಂತಿತು, ಮಾಲೀಕರು ಇವಳನ್ನು ಮನೆಗೆ ಕಳಿಸಿದರು. ದಾರಿಯಲ್ಲಿ ನನ್ನ ಖಾಲಿ ವ್ಯಾನು ಸಿಕ್ಕಿತು, ಇಬ್ಬರೂ ಒಟ್ಟಿಗೆ ಬಂದೆವು. ಚಪ್ಪಲಿ ಬಿಡುತ್ತಿರುವಾಗ ಅಡುಗೆಮನೆಯಿಂದ ಯಾರದೋ ದನಿ ಕೇಳಿತು. ಒರಟಾದ, ತಗ್ಗಿನ ದನಿ, ಎರಡು ಮಾತಿಗೊಮ್ಮೆ ನಿಂತು ಗಾಳಿ ನುಂಗುವ ದನಿ.

"ಗುಂಡು ಆಲೂಗಡ್ಡೆ... ಕೇಳೋರು... ಕೇಳಿ. ಒಂದನೇ ಸಲ... ಎರಡನೇ ಸಲ..."

ಭಾವ ತರಕಾರಿ ಬುಟ್ಟಿಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದ. ಒಂದು ಕೈ ಮೇಲೆತ್ತಿತ್ತು. ಮಾರುಕಟ್ಟೆಯಲ್ಲಿ ಎತ್ತುತ್ತಿದ್ದಂತೆಯೇ. ಮನೆಯಲ್ಲಿ ಯಾರೂ ಇಲ್ಲದಾಗ ಅವನು ಟೀಚರ್ ಹೇಳಿಕೊಟ್ಟಿದ್ದನ್ನು ಮಾಡುತ್ತಲೇ ಇದ್ದನೆಂದು ಆಗ ತಿಳಿಯಿತು. ಇವಳ ಕಣ್ಣಲ್ಲಿ ನೀರು ದಳದಳ ಇಳಿಯಿತು, ಬಿಕ್ಕಿದ ಸದ್ದಿಗೆ ಅವನು ತಿರುಗಿದ. ಇವಳ ಕೈಯಲ್ಲಿ ಫೋನಿತ್ತು. ತೆಗೆಯಬೇಕೆಂದು ತೆಗೆದದ್ದಲ್ಲ, ಅದು ಯಾವಾಗಲೂ ಕೈಯಲ್ಲೇ ಇರುತ್ತದೆ. ಅವನ ಕಣ್ಣು ಅದರ ಮೇಲೆ ಬಿತ್ತು. ಗಾಳಿ ನುಂಗಿದ. ಆಪರೇಷನ್ ಆದ ಮೇಲೆ ಅಣ್ಣ ತಂಗಿಗೆ ಆಡಿದ ಮೊದಲ ಮಾತು ಹೊರಬಂತು.

"ಬರೀಬೇಡ."

"ಇಲ್ಲ ಅಣ್ಣ. ಬರಿಯಲ್ಲ. ಇನ್ನೊಂದು ಸಲ ಮಾತಾಡು. ಮುಂಚಿನ ಹಾಗೆ ನನ್ನನ್ನ ಪುಟ್ಟಿ ಅನ್ನು. ಒಂದೇ ಸಲ."

ಅವನು ಅನ್ನಲಿಲ್ಲ. ಸ್ಲೇಟು ತೆಗೆದುಕೊಂಡ. ಬಳಪ ಒತ್ತಿ ಬರೆದದ್ದಕ್ಕೆ ತುದಿ ಮುರಿಯಿತು. "ಯಾರಿಗೂ ಹೇಳಬೇಡಿ. ಮೋಸಗಾರ ಅಂತಾರೆ."

ತಾಣದಲ್ಲಿ ಅಂಥದ್ದೂ ಇದೆ. ಸುಳ್ಳು ಹೇಳಿ ಮೆಚ್ಚುಗೆ ಗಿಟ್ಟಿಸಿದವರನ್ನು ಹಿಡಿದರೆ ಹಳಬರೆಲ್ಲ ಸೇರಿ ಉಲ್ಟಾ ಒತ್ತುತ್ತಾರೆ. ಬರೆದದ್ದೆಲ್ಲ ಮಸುಕಾಗಿ, ಹೆಸರಿನ ಪಕ್ಕ ಗುರುತು ಬಿದ್ದು, ಮತ್ತೆ ಯಾರೂ ಹತ್ತಿರ ಸುಳಿಯುವುದಿಲ್ಲ. ನಾಣ್ಯ ಹಾಳಾಗಿ ಹೋಗಲಿ, ಭಾವ ಅದನ್ನು ಬದಲಿಸಿಕೊಳ್ಳುವುದು ಹೇಗೆಂದೂ ಕೇಳಿದವನಲ್ಲ. ಅವನಿಗೆ ಬೇಕಾದದ್ದು ಬರುವ ಜನ. ತಾಣದಲ್ಲಿ ತಿಳಿದರೆ ಮಾರುಕಟ್ಟೆಗೂ ತಿಳಿಯುತ್ತದೆ. ಮಾರುಕಟ್ಟೆಯಲ್ಲಿ ಯಾರಾದರೂ ಅವನ ದನಿ ಕೇಳಿದರೆ ತಾಣಕ್ಕೆ ತಿಳಿಯುತ್ತದೆ.

ನನಗೆ ರೇಗಿತು. "ಹಾಳು ತಾಣ ಬಿಟ್ಟಾಕು ಭಾವ. ದೇವರು ಕಣ್ಣು ಬಿಟ್ಟಿದಾನೆ, ಮಾತು ಬಂದಿದೆ. ಹಮಾಲರ ಮುಖಂಡನ ಮುಂದೆ ಹೋಗಿ ಒಂದು ಸಲ ಕೂಗು. ಎತ್ತಿ ಕುಣಿಸ್ತಾರೆ."

"ಒಂದು ದಿನ ಕುಣಿಸ್ತಾರೆ" ಎಂದು ಅವನು ಬರೆದ. ಅಳಿಸಿ, ಮತ್ತೆ ಬರೆದ. "ಆಮೇಲೆ ತೇಗಿಕೊಂಡು ಮಾತಾಡೋ ಮುದುಕ."

ನಾನು ಆ ಗಡ್ಡಪ್ಪನಿಗೆ ಎಲ್ಲ ಬರೆದು ಹಾಕುತ್ತೇನೆ ಎಂದು ಎದ್ದೆ. ಇವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಗೋಡೆ ಕಡೆ ತಿರುಗಿ ಮಲಗಿದ್ದು ನೀವು ಮರೆತ್ರಾ? ನಾನು ಮರೆತಿಲ್ಲ. ಆಗ ಉಸಿರಾಡ್ತಿದಾನಾ ಇಲ್ವಾ ಅಂತ ಕುತ್ತಿಗೆ ಹತ್ರ ಕೈ ಇಟ್ಟು ನೋಡ್ತಿದ್ದೆ. ಜನ ಹೋದ್ರೆ ಅವನು ಮತ್ತೆ ಅಲ್ಲಿಗೇ ಹೋಗ್ತಾನೆ ರೀ."

"ಮಾತು ಹೋದ್ರೆ?"

ಹೊಸದಾಗಿ ಬಂದ ಮಾತನ್ನು ದಿನವೂ ಆಡದಿದ್ದರೆ ಅದು ನಿಲ್ಲುವುದಿಲ್ಲ, ಮತ್ತೆ ಕರೆತರುವುದು ಕಷ್ಟ ಎಂದು ಟೀಚರ್ ಮೊದಲೇ ಹೇಳಿದ್ದರು. ನಮ್ಮ ಕಿವಿಗೆ ಬಿದ್ದ ದಿನದಿಂದ ಅವನು ಅಡುಗೆಮನೆಯ ಹರಾಜನ್ನೂ ನಿಲ್ಲಿಸಿದ. ಇವಳು ಗಡ್ಡಪ್ಪನಿಗೆ ಬೇರೆ ದಾರಿಯಿಂದ ಹೇಳಿ ನೋಡಿದಳು. ನಮ್ಮಣ್ಣ ಹರಾಜಿನ ಬಗ್ಗೆ ಬರೆದದ್ದನ್ನು ಒಮ್ಮೆ ಓದಿ, ಅದಕ್ಕೆ ನಾಲ್ಕು ಜನರನ್ನು ಕಳಿಸಿ, ಅವನು ಅದನ್ನೇ ಬರೆಯುವಂತಾಗಲಿ ಎಂದು. ಓದುತ್ತೇನೆ ಎಂದು ಗಡ್ಡಪ್ಪ ಮರ್ಯಾದೆಯಿಂದಲೇ ಬರೆದ. ಆದರೆ ವಾರ ಕಳೆದವಕ್ಕೆ ಒತ್ತಿ ಉಪಯೋಗವಿಲ್ಲವಲ್ಲ ಅಕ್ಕ, ಅಲ್ಲದೆ ಜನರಿಗೆ ಅವರ ನೋವೇ ಹೆಚ್ಚು ಹತ್ತಿರ, ಅದನ್ನು ಬಿಡುವುದು ಬೇಡ ಎಂದ. ಅವನದ್ದೂ ಕೆಟ್ಟ ಮನಸ್ಸಲ್ಲ. ಬೈಯಲು ಒಬ್ಬ ಕೆಟ್ಟವನಾದರೂ ಸಿಗಬಾರದೇ ಎಂದು ನನ್ನ ಸಂಕಟ.

ಮುಂದಿನ ಪಾಠದ ದಿನ ಮೂವರೂ ಹೋದೆವು. ಅಂಗಡಿಗೆ ರಜೆ ಹೇಳಿ ಇವಳೂ ಬಂದಳು, ಟೀಚರ್ ಮುಂದೆಯಾದರೂ ಅಣ್ಣ ಬಾಯಿ ಬಿಡುತ್ತಾನೆ ಎಂಬ ಆಸೆ. ಟೀಚರ್ ಕೋಣೆಯ ಹೊರಗೆ ಉದ್ದದ ಬೆಂಚು. ಅದರ ತುದಿಯಲ್ಲಿ ಹೊಸದಾಗಿ ಆಪರೇಷನ್ ಆದ ಒಬ್ಬರು ಕೂತಿದ್ದರು. ದಪ್ಪ ಮೀಸೆ, ಕುತ್ತಿಗೆಗೆ ಇನ್ನೂ ಬಿಳಿ ಬ್ಯಾಂಡೇಜು. ಪಕ್ಕದಲ್ಲಿ ಅವರ ಹೆಂಡತಿ, ಮಡಿಲಲ್ಲಿ ಬಟ್ಟೆಯ ಚೀಲ. ಆ ಮನುಷ್ಯ ಎರಡು ಸಲ ಎದ್ದು ಹೊರಟಿದ್ದರು, ಹೆಂಡತಿ ಅಂಗಿ ಹಿಡಿದು ಕೂರಿಸಿದ್ದರು.

ಬಾಗಿಲಕ್ಕ ಸುಮ್ಮನಿರುವವಳೇ? ಸರಿದು ಹೋಗಿ ಪಕ್ಕ ಕೂತಳು, ಬಾಟಲಿಯಿಂದ ನೀರು ಕೊಟ್ಟಳು.

"ಇವರಿಗೆ ನಂಬಿಕೇನೇ ಇಲ್ಲಮ್ಮ. ಇದೆಲ್ಲ ಸುಮ್ನೆ, ಮನೆಗೆ ಹೋಗೋಣ ಅಂತಾರೆ" ಎಂದರು ಆಕೆ. ಭಾವನ ಕುತ್ತಿಗೆಯ ಬಟ್ಟೆ ನೋಡಿ ದನಿ ತಗ್ಗಿಸಿದರು. "ನಿಮ್ಮೋರಿಗೆ ಬಂತಾ ಮಾತು?"

ಇವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಟೀಚರ್ ಕರೆದರು. ನಾವು ಒಳಗೆ ಹೋದೆವು. ಬಾಗಿಲು ಹಾಕಲಿಲ್ಲ, ಸೆಖೆಗೆ ಅವರು ತೆರೆದೇ ಇಡುತ್ತಾರೆ.

ಟೀಚರ್ ಭಾವನನ್ನು ಎದುರಿಗೆ ಕೂರಿಸಿಕೊಂಡು, ಗಾಳಿ ನುಂಗಿ, 'ಆ' ಎನ್ನಿ ಎಂದರು. ಅವನು ಬಾಯಿ ಅಗಲಿಸಿದ, ಹೆಗಲು ಎತ್ತಿದ, ಮುಖ ಕೆಂಪು ಮಾಡಿಕೊಂಡ. ಅಷ್ಟು ಚೆನ್ನಾಗಿ ನಟಿಸುತ್ತಾನೆಂದು ನನಗೆ ಗೊತ್ತಿರಲಿಲ್ಲ. ಮತ್ತೆ ಮಾಡಿಸಿದರು. ಮತ್ತೆ ಅದೇ. ಕೊನೆಗೆ ಅವನು ಕೈಯಾಡಿಸಿ ತಲೆ ಅಲ್ಲಾಡಿಸಿದ.

ಟೀಚರ್ ಕುರ್ಚಿಗೆ ಒರಗಿದರು. ಆಕೆಗೂ ಬೇಸರವಾಗಿತ್ತು.

"ನಿಮಗೆ ಬಂದೇ ಬರುತ್ತೆ ಅಂದ್ಕೊಂಡಿದ್ದೆ. ಮಾತು ಬಂದವರನ್ನ ಹೊಸಬರ ಮುಂದೆ ಕೂರಿಸಿ ಮಾತಾಡಿಸ್ತೀವಿ ನಾವು. ಅದನ್ನ ನೋಡಿದ್ರೇನೆ ಅವರಿಗೆ ಧೈರ್ಯ." ಆಮೇಲೆ ಇವಳ ಕಡೆ ತಿರುಗಿದರು. "ಮನೇಲಿ ಹೇಗಮ್ಮ? ಒಂದು ಸದ್ದಾದ್ರೂ ಬಂದಿದೆಯಾ? ಸ್ವಲ್ಪ ಬಂದಿದ್ರೂ ನಾನು ಬಿಡಲ್ಲ, ಇನ್ನೂ ಮಾಡಿಸ್ತೀನಿ. ಏನೂ ಬಂದಿಲ್ಲ ಅಂದ್ರೆ ನಿಲ್ಲಿಸಿಬಿಡೋಣ, ಅವರನ್ನ ಸುಮ್ನೆ ದಣಿಸೋದು ಬೇಡ."

ಅಣ್ಣ ತಂಗಿಯನ್ನು ನೋಡಿದ. ಹೆದರಿಸುವ ನೋಟವಲ್ಲ ಅದು. ಹೆದರಿಸಿದ್ದರೆ ನಾನೇ ಎದ್ದು ಹೇಳಿಬಿಡುತ್ತಿದ್ದೆ. ಬೇಡಿಕೊಳ್ಳುವ ನೋಟ. ಬದುಕಿನಲ್ಲಿ ಯಾರ ಮುಂದೆಯೂ ಕೈ ಚಾಚದವನು ತಂಗಿಯ ಮುಂದೆ ಕಣ್ಣಲ್ಲಿ ಅಂಗಲಾಚುತ್ತಿದ್ದ. ಇವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಇಲ್ಲ ಮೇಡಂ" ಎಂದಳು. "ಏನೂ ಬಂದಿಲ್ಲ."

ಹೊರಗೆ ಬೆಂಚು ಕಿರುಗುಟ್ಟಿತು. ತೆರೆದ ಬಾಗಿಲಲ್ಲಿ ನೋಡಿದೆ. ಮೀಸೆಯವರು ಎದ್ದು ನಿಂತಿದ್ದರು. ಈ ಸಲ ಹೆಂಡತಿ ಅಂಗಿ ಹಿಡಿಯಲಿಲ್ಲ. ಚೀಲ ಎತ್ತಿಕೊಂಡು, ಗಂಡನ ತೋಳಿಗೆ ಕೈ ಕೊಟ್ಟು, ಕಾರಿಡಾರಿನಲ್ಲಿ ನಡೆದರು. ಟೀಚರ್ ಅವರನ್ನು ಕರೆಯುತ್ತಾ ಹೊರಗೆ ಓಡಿದರು. ಅವರು ತಿರುಗಲಿಲ್ಲ.

ಬಾಗಿಲಕ್ಕ ಅವರು ಹೋಗುವುದನ್ನು ನೋಡುತ್ತಾ ಕೂತೇ ಇದ್ದಳು.